ಪರದೆಯ ಬಣ್ಣ ಆರಿಸಿದ್ದು ಸಾಕು: ಮಕ್ಕಳ ಆಸ್ಪತ್ರೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಕ್ಕಳ ಆಸ್ಪತ್ರೆಗಳ ಅಧ್ಯಕ್ಷರಿಗೆ, ನಿರ್ದೇಶಕರಿಗೆ, ಟ್ರಸ್ಟಿಗಳಿಗೆ ನಮಸ್ಕಾರ.

ಕಸದ ಡಬ್ಬದಿಂದ ಶುರು ಮಾಡುತ್ತೇನೆ. ಬೇಜಾರು ಮಾಡ್ಕೋಬೇಡಿ.

ನನ್ನ ಮಗಳಿಗೆ ಏಳು ವರ್ಷ ಇದ್ದಾಗ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದೆವು. ಆರು ಮಂಚದ ವಾರ್ಡು. ಅವಳ ಮಂಚದಿಂದ ನಾಲ್ಕು ಹೆಜ್ಜೆಗೆ ಒಂದು ಸ್ಟೀಲ್ ಡಬ್ಬ, ಕಾಲಲ್ಲಿ ಒತ್ತಿದರೆ ತೆರೆಯುವಂಥದ್ದು. ಕಾಲು ತೆಗೆದ ಕೂಡಲೇ ಮುಚ್ಚಳ ಧಡಾರನೆ ಬೀಳುತ್ತಿತ್ತು. ರಾತ್ರಿ ಎರಡಕ್ಕೊಮ್ಮೆ, ಮೂರಕ್ಕೊಮ್ಮೆ, ನಾಲ್ಕೂವರೆಗೊಮ್ಮೆ. ಪ್ರತಿ ಸಲವೂ ಯಾವುದೋ ಒಂದು ಮಗು ಬೆಚ್ಚಿ ಏಳುತ್ತಿತ್ತು, ಅದರ ಅಳುವಿಗೆ ಪಕ್ಕದ್ದು ಏಳುತ್ತಿತ್ತು. ನರ್ಸುಗಳ ತಪ್ಪೇನಿಲ್ಲ. ಎರಡೂ ಕೈಯಲ್ಲಿ ಸಾಮಾನು ಹಿಡಿದವರು ಮುಚ್ಚಳವನ್ನು ಮೆಲ್ಲಗೆ ಬಿಡೋದಾದರೂ ಹೇಗೆ? ನಾಲ್ಕನೇ ರಾತ್ರಿ ಪಕ್ಕದ ಮಂಚದ ಹುಡುಗನ ಅಪ್ಪ ಡಬ್ಬದ ಅಂಚಿಗೆ ಹತ್ತಿ ಇಟ್ಟು ಪ್ಲಾಸ್ಟರ್ ಸುತ್ತಿದರು. ಎರಡು ರಾತ್ರಿ ಇಡೀ ವಾರ್ಡು ಮಲಗಿತು. ಮೂರನೇ ದಿನ ಸೋಂಕು ತಡೆಯುವ ವಿಭಾಗದವರು ಬಂದು ಅದನ್ನು ಕಿತ್ತು ಹಾಕಿದರು. ಅವರು ಮಾಡಿದ್ದೂ ಸರಿಯೇ, ಹತ್ತಿಯಲ್ಲಿ ಕೊಳೆ ಕೂರುತ್ತದೆ. ಆದರೆ ಡಬ್ಬ ಬದಲಾಗಲಿಲ್ಲ.

ಯಾರಿಗೆ ಹೇಳಬೇಕು ಅಂತ ಕೇಳಿದೆ. ಸಿಸ್ಟರ್ ಸ್ಟೋರ್ಸ್ ಕಡೆ ಕೈ ತೋರಿಸಿದರು. ಸ್ಟೋರ್ಸಿನವರು ಖರೀದಿ ಸಮಿತಿ ಅಂದರು. ಖರೀದಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದಂತೆ. ಆ ಸಮಿತಿಯಲ್ಲಿ ಇದ್ದವರಲ್ಲಿ ಒಬ್ಬರಾದರೂ ಆ ವಾರ್ಡಿನಲ್ಲಿ ಒಂದು ರಾತ್ರಿ ಮಲಗಿದ್ದರೆ ಮಾರನೇ ದಿನವೇ ಸದ್ದಿಲ್ಲದೆ ಮುಚ್ಚುವ ಡಬ್ಬ ಬರುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಡಾಕ್ಟರು ರೌಂಡ್ಸಿಗೆ ಬಂದು ಹತ್ತು ನಿಮಿಷ ಇದ್ದು ಹೋಗುತ್ತಾರೆ. ನರ್ಸು ಶಿಫ್ಟು ಮುಗಿಸಿ ಮನೆಗೆ ಹೋಗುತ್ತಾರೆ, ಹೋಗಲೇಬೇಕು. ಫಿಸಿಯೋದವರು, ಲ್ಯಾಬಿನವರು, ಎಕ್ಸ್‌ರೇಗೆ ಗಾಲಿಕುರ್ಚಿ ತಳ್ಳುವವರು, ಎಲ್ಲರೂ ಬಂದು ಹೋಗುವವರೇ. ಒಂದು ಮಂಚದ ಸುತ್ತ ನಡೆಯುವ 24 ಗಂಟೆಯನ್ನೂ ಬಿಡದೆ ನೋಡುವವರು ಇಬ್ಬರೇ: ಮಂಚದ ಮೇಲೆ ಮಲಗಿದ ಮಗು, ಪಕ್ಕದ ಕುರ್ಚಿಯಲ್ಲಿ ಕೂತ ಅಮ್ಮನೋ ಅಪ್ಪನೋ ಅಜ್ಜಿಯೋ. ಬೆಳಗಿನವರು ಹೇಳಿದ್ದು ರಾತ್ರಿಯವರಿಗೆ ತಲುಪಿತಾ ಇಲ್ವಾ ಅಂತ ಗೊತ್ತಿರುವುದು ಇವರಿಗೆ. ಆಸ್ಪತ್ರೆ ನಡೆಸುವ ಮೇಜಿನ ಸುತ್ತ ಇರುವವರಲ್ಲಿ ಈ ಇಬ್ಬರು ಮಾತ್ರ ಇಲ್ಲ. ನನ್ನ ತಕರಾರು ಇಷ್ಟೇ.

ಡಬ್ಬಕ್ಕಿಂತ ದೊಡ್ಡ ವಿಷಯಕ್ಕೆ ಬರುತ್ತೇನೆ.

ಮಗಳಿಗೆ ಇದ್ದದ್ದು ನೆಫ್ರೋಟಿಕ್ ಸಿಂಡ್ರೋಮ್. ಕಿಡ್ನಿಯ ಜರಡಿ ಸೋರಿ, ರಕ್ತದಲ್ಲಿ ಇರಬೇಕಾದ ಪ್ರೋಟೀನು ಮೂತ್ರದಲ್ಲಿ ಹೋಗಿಬಿಡುತ್ತದೆ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ. ಹೆಚ್ಚಿನ ಮಕ್ಕಳಿಗೆ ಸ್ಟೆರಾಯ್ಡ್ ಕೊಟ್ಟರೆ ಹತೋಟಿಗೆ ಬರುತ್ತದೆ. ಇವಳಿಗೆ ಬರಲಿಲ್ಲ, ಬಯಾಪ್ಸಿ ಮಾಡಬೇಕಾಯಿತು, ಅಂದರೆ ಅರಿವಳಿಕೆ ಕೊಟ್ಟು ಕಿಡ್ನಿಯ ಒಂದು ಚೂರು ತೆಗೆದು ನೋಡುವುದು. ಸ್ಟೆರಾಯ್ಡ್ ತಗೊಳ್ಳುವ ಮಗುವಿನ ಹಸಿವು ಎಂಥದ್ದು ಅಂತ ಕಂಡವರಿಗೇ ಗೊತ್ತು. "ರಾತ್ರಿ ಹನ್ನೆರಡರ ಮೇಲೆ ಏನೂ ಕೊಡಬೇಡಿ, ನೀರೂ ಬೇಡ" ಅಂದರು. ಬೆಳಗ್ಗೆ ಒಂಬತ್ತಕ್ಕೆ ಅಂತ ಇದ್ದದ್ದು ಹನ್ನೊಂದಕ್ಕೆ ಹೋಯಿತು, ಆಮೇಲೆ ಒಂದಕ್ಕೆ. ಕೊನೆಗೆ ಒಳಗೆ ಕರೆದುಕೊಂಡಾಗ ಮೂರೂ ಕಾಲು. ಹದಿನೈದು ಗಂಟೆ. ಹನ್ನೆರಡರ ಹೊತ್ತಿಗೆ ಅವಳು ಅಳುವುದನ್ನೂ ನಿಲ್ಲಿಸಿದ್ದಳು, ಕೈ ತೊಳೆಯುವ ನಲ್ಲಿಯನ್ನೇ ನೋಡುತ್ತಾ ಕೂತಿದ್ದಳು. "ಅಮ್ಮ, ಬಾಯಿ ಮುಕ್ಕಳಿಸಿ ಉಗೀತೀನಿ. ನುಂಗಲ್ಲ. ಪ್ರಾಮಿಸ್" ಅಂದಳು. ನಾನು ಬೇಡ ಅಂದೆ. ಆ "ಬೇಡ" ಇವತ್ತಿಗೂ ನನ್ನ ಗಂಟಲಲ್ಲೇ ಇದೆ.

ಆಮೇಲೆ ಓದಿ ತಿಳಿದುಕೊಂಡೆ. ಅರಿವಳಿಕೆಗೆ ಮೊದಲು ಗಟ್ಟಿ ಆಹಾರ ಆರು ಗಂಟೆ ಬಿಟ್ಟಿರಬೇಕು, ಸರಿ. ಆದರೆ ನೀರಿನಂಥ ತಿಳಿ ದ್ರವಕ್ಕೆ ಅಮೆರಿಕದ ಅರಿವಳಿಕೆ ತಜ್ಞರ ಸಂಘವೇ ಎರಡು ಗಂಟೆ ಸಾಕು ಅನ್ನುತ್ತದೆ. ಬ್ರಿಟನ್ ಮತ್ತು ಯುರೋಪಿನ ಮಕ್ಕಳ ಅರಿವಳಿಕೆ ಸಂಘಗಳು 2018ರಲ್ಲಿ ಒಟ್ಟಾಗಿ ಒಂದು ಗಂಟೆ ಸಾಕು ಅಂದವು. ಬೇರೆ ತೊಂದರೆ ಇಲ್ಲದ ಮಗು ಒಂದು ಗಂಟೆ ಮೊದಲವರೆಗೂ ನೀರು ಕುಡಿಯಬಹುದು. ಅಂದರೆ ಡಾಕ್ಟರಿಗೆ ಗೊತ್ತಿಲ್ಲದೆ ಆದದ್ದಲ್ಲ ಇದು. ಹಾಗಾದರೆ ನಡುರಾತ್ರಿಯಿಂದಲೇ ಯಾಕೆ? ಯಾಕೆಂದರೆ ಪಟ್ಟಿಯಲ್ಲಿ ಯಾರ ಸರದಿ ಯಾವಾಗ ಬರುತ್ತದೋ ಖಚಿತ ಇಲ್ಲ. ಎಲ್ಲರನ್ನೂ ಖಾಲಿ ಹೊಟ್ಟೆಯಲ್ಲಿ ಇಟ್ಟರೆ ಯಾರನ್ನು ಬೇಕಾದರೂ ಕರೆಯಬಹುದು. ಆಪರೇಷನ್ ಥಿಯೇಟರಿಗೆ ಅನುಕೂಲ. ವೈದ್ಯಶಾಸ್ತ್ರ ಇದರಲ್ಲಿ ಏನೂ ಇಲ್ಲ, ಆಡಳಿತದ ನಿರ್ಧಾರ ಇದೆ ಅಷ್ಟೇ.

ನಿಮ್ಮ ಸಭೆಗೆ ಬರುವ ವರದಿಯಲ್ಲಿ ಎಷ್ಟು ಆಪರೇಷನ್ ಆಯಿತು, ಎಷ್ಟು ರದ್ದಾಯಿತು, ಎಷ್ಟು ಮಂಚ ತುಂಬಿತ್ತು ಅಂತ ಇರುತ್ತದೆ. ನಿನ್ನೆ ಯಾವ ಮಗು ಎಷ್ಟು ಗಂಟೆ ನೀರಿಲ್ಲದೆ ಇತ್ತು ಅನ್ನುವ ಒಂದು ಸಾಲು ಇರುತ್ತದಾ? ಅದನ್ನು ಎಣಿಸಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಆ ನಲ್ಲಿಯ ಮುಂದೆ ಕೂತಿದ್ದವರಿಗೆ ಮಾತ್ರ ಹೊಳೆಯುತ್ತದೆ.

"ಅಭಿಪ್ರಾಯ ಕೇಳುತ್ತೇವಲ್ಲ, ಫಾರಂ ಕೊಡುತ್ತೇವಲ್ಲ" ಅನ್ನುತ್ತೀರಿ. ಹೌದು, ಡಿಸ್ಚಾರ್ಜ್ ದಿನ ಕೊಡುತ್ತೀರಿ. ಬ್ಯಾಗು ಕಟ್ಟಿ, ಔಷಧಿ ಚೀಟಿ ಹಿಡಿದು, ಮಗುವಿಗೆ ಚಪ್ಪಲಿ ಹಾಕಿಸುತ್ತಿರುವಾಗ ಒಂದು ಹಾಳೆ. ಐದು ಮುಖ ಇರುತ್ತದೆ, ನಗುವ ಮುಖದಿಂದ ಅಳುವ ಮುಖದವರೆಗೆ. ನಾನು ಎಲ್ಲ ಪ್ರಶ್ನೆಗೂ ನಗುವ ಮುಖಕ್ಕೇ ಟಿಕ್ ಮಾಡಿದೆ. ಸುಳ್ಳು ಅಂತ ಗೊತ್ತಿದ್ದೇ ಮಾಡಿದೆ. ಆರು ವಾರಕ್ಕೆ ಮತ್ತೆ ಅದೇ ವಾರ್ಡಿಗೆ, ಅದೇ ಜನರ ಕೈಗೆ ಮಗಳನ್ನು ಕೊಡಬೇಕಿತ್ತು. ಅವಳ ಕೈಯಲ್ಲಿ ನರ ಹುಡುಕುವ ಸೂಜಿ ಯಾರ ಕೈಯಲ್ಲಿ ಇರುತ್ತದೋ ಅವರ ಮೇಲೆ ದೂರು ಬರೆಯುವ ತಾಯಿ ಎಲ್ಲಿದ್ದಾಳೆ, ಹೇಳಿ. ನರ್ಸುಗಳು ಸೇಡು ತೀರಿಸಿಕೊಳ್ಳುತ್ತಾರೆ ಅಂತ ನಾನು ಹೇಳುತ್ತಿಲ್ಲ, ಅಂಥವರನ್ನು ನಾನು ನೋಡಿಯೂ ಇಲ್ಲ. ಆದರೂ ಭಯ ಇರುತ್ತದೆ. ಆ ಭಯ ಇರುವ ತನಕ ನಿಮ್ಮ ಫಾರಂ ನಗುತ್ತಲೇ ಇರುತ್ತದೆ.

ಈಗ ಸ್ವಲ್ಪ ಹಳೆಯ ಕಥೆ. ನಾನು ಮಗಳ ಪಕ್ಕ ಹತ್ತೊಂಬತ್ತು ದಿನ ಕೂತಿರಲು ಸಾಧ್ಯವಾದದ್ದೇ ಒಂದು ಜಗಳದಿಂದ. 1950ರ ಹೊತ್ತಿಗೆ ಲಂಡನ್ನಿನ ಕೆಲವು ದೊಡ್ಡ ಆಸ್ಪತ್ರೆಗಳಲ್ಲೂ ಅಪ್ಪ ಅಮ್ಮ ಮಗುವನ್ನು ನೋಡಬಹುದಿದ್ದದ್ದು ವಾರಕ್ಕೊಮ್ಮೆ, ಅದೂ ಗಂಟೆ ಎರಡು ಗಂಟೆ. ಕಾರಣ ಕೇಳಿದರೆ, ನೀವು ಬಂದು ಹೋದ ಮೇಲೆ ಮಗು ಅಳುತ್ತದೆ, ವಾರ್ಡಿನ ಶಿಸ್ತು ಕೆಡುತ್ತದೆ, ಸೋಂಕು ತರುತ್ತೀರಿ. ಬರದಿದ್ದರೆ ಮಗು ಎರಡು ದಿನದಲ್ಲಿ "ಹೊಂದಿಕೊಳ್ಳುತ್ತದೆ". ಜೇಮ್ಸ್ ರಾಬರ್ಟ್‌ಸನ್ ಅನ್ನುವ ಸಮಾಜ ಕಾರ್ಯಕರ್ತ ಎರಡು ವರ್ಷದ ಒಂದು ಹುಡುಗಿ ಎಂಟು ದಿನ ಅಮ್ಮನನ್ನು ಬಿಟ್ಟು ಆಸ್ಪತ್ರೆಯಲ್ಲಿ ಇದ್ದದ್ದನ್ನು ಕ್ಯಾಮೆರಾದಲ್ಲಿ ಹಿಡಿದು 1952ರಲ್ಲಿ ಡಾಕ್ಟರುಗಳ ಮುಂದೆ ತೋರಿಸಿದ. ಅದು ಹೊಂದಿಕೆ ಅಲ್ಲ, ಮಗು ಆಸೆ ಬಿಟ್ಟು ಸುಮ್ಮನಾಗುವುದು ಅಂತ ಅದರಲ್ಲಿ ಕಾಣುತ್ತದೆ. ಸಭೆಯಲ್ಲಿ ಹಲವರು ಅವನ ಮೇಲೇ ಸಿಟ್ಟಾದರು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ, ತಂದೆ ತಾಯಿಗೆ ಹೊತ್ತಿನ ಕಟ್ಟುಪಾಡು ಬೇಡ ಅಂತ ವರದಿ ಕೊಟ್ಟಿತು.

ವರದಿ ಬಂತು, ಬಾಗಿಲು ತೆರೆಯಲಿಲ್ಲ. ಎಷ್ಟೋ ಆಸ್ಪತ್ರೆಗಳು ಅದನ್ನು ಕಪಾಟಿನಲ್ಲಿ ಇಟ್ಟವು. 1961ರಲ್ಲಿ ಲಂಡನ್ನಿನ ಬ್ಯಾಟರ್‌ಸೀಯ ಕೆಲವು ತಾಯಂದಿರು ಸೇರಿ ಒಂದು ಗುಂಪು ಕಟ್ಟಿದರು. ಅದು ಬೆಳೆದು ದೇಶದ ತುಂಬ ಹಬ್ಬಿ ವರ್ಷಗಟ್ಟಲೆ ಒತ್ತಡ ಹಾಕಿತು. 1988ರಲ್ಲಿ ಯುರೋಪಿನ ಇಂಥ ಸಂಘಗಳು ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿ ಸೇರಿ, ಆಸ್ಪತ್ರೆಯಲ್ಲಿರುವ ಮಗುವಿನ ಹಕ್ಕುಗಳ ಹತ್ತು ಅಂಶದ ಸನ್ನದು ಬರೆದವು. ಮಗುವಿನ ಜೊತೆ ಎಲ್ಲ ಹೊತ್ತಿನಲ್ಲೂ ಅಪ್ಪ ಅಮ್ಮ ಇರಬಹುದು ಅನ್ನುವುದು ಅದರಲ್ಲಿ ಎರಡನೆಯದು. ಇವತ್ತು ನೀವು ಹೆಮ್ಮೆಯಿಂದ ತೋರಿಸುವ "ತಾಯಿಗೂ ಮಂಚ" ಸುಮ್ನೆ ಬಂದದ್ದಲ್ಲ. ಆಗ "ಶಿಸ್ತು ಕೆಡುತ್ತದೆ" ಅಂದ ಹಾಗೆಯೇ ಈಗ ಆಡಳಿತ ಮಂಡಳಿಗೆ ಪೋಷಕರನ್ನು ಸೇರಿಸಿಕೊಳ್ಳಿ ಅಂದರೆ "ಗೌಪ್ಯತೆ ಕೆಡುತ್ತದೆ" ಅನ್ನುತ್ತಿದ್ದೀರಿ. ಧಾಟಿ ಮಾತ್ರ ಬಹಳ ಪರಿಚಿತ.

ಇಂಗ್ಲೆಂಡಿನ ಬ್ರಿಸ್ಟಲ್ ಹೆಸರು ನಿಮಗೆ ಗೊತ್ತಿರಲೇಬೇಕು. ಅಲ್ಲಿನ ಆಸ್ಪತ್ರೆಯಲ್ಲಿ ಮಕ್ಕಳ ಹೃದಯದ ಆಪರೇಷನ್‌ಗಳಲ್ಲಿ ಸಾವು ಜಾಸ್ತಿ ಆಗುತ್ತಿದೆ ಅಂತ ಒಳಗಿನ ಅರಿವಳಿಕೆ ಡಾಕ್ಟರ್ ಸ್ಟೀಫನ್ ಬೋಲ್ಸಿನ್ ಎಚ್ಚರಿಸುತ್ತಲೇ ಇದ್ದರು. ತಂದೆ ತಾಯಂದಿರು ಹೋರಾಡಿ ಸಾರ್ವಜನಿಕ ವಿಚಾರಣೆ ನಡೆಯುವಂತೆ ಮಾಡಿದರು. 2001ರಲ್ಲಿ ಇಯಾನ್ ಕೆನಡಿ ಅವರ ವರದಿ ಬಂತು. 1991ರಿಂದ 1995ರ ನಡುವೆ, ಒಂದು ವರ್ಷದ ಒಳಗಿನ 30ರಿಂದ 35 ಮಕ್ಕಳು, ಬೇರೆ ಸಾಧಾರಣ ಆಸ್ಪತ್ರೆಯಲ್ಲಾಗಿದ್ದರೆ ಸಾಯುತ್ತಿದ್ದಕ್ಕಿಂತ ಹೆಚ್ಚಾಗಿ ಸತ್ತಿದ್ದರು. ವರದಿ ಅಲ್ಲಿನ ಆಡಳಿತವನ್ನು ಕ್ಲಬ್ಬಿಗೆ ಹೋಲಿಸಿತು: ಒಳಗಿನ ನಾಲ್ಕು ಜನರ ಕೈಯಲ್ಲಿ ಎಲ್ಲ, ಹೊರಗಿನವರಿಗೆ ಏನೂ ಕಾಣದು. ಅಲ್ಲಿ ಯಾರೂ ದುಷ್ಟರಿರಲಿಲ್ಲ ಅನ್ನುವುದು ನನ್ನನ್ನು ಇನ್ನೂ ಹೆದರಿಸುತ್ತದೆ. ಒಳ್ಳೆಯವರೇ ತುಂಬಿದ ಕೋಣೆಯಲ್ಲಿ ಕೇಳಬೇಕಾದ ಪ್ರಶ್ನೆ ಕೇಳುವವರು ಇರಲಿಲ್ಲ. ಆ ವರದಿ ಮಾಡಿದ ಸುಮಾರು ಇನ್ನೂರು ಶಿಫಾರಸುಗಳಲ್ಲಿ ರೋಗಿಗಳೂ ಸಾರ್ವಜನಿಕರೂ ವ್ಯವಸ್ಥೆಯ ಒಳಗೇ ಇರಬೇಕು, ಹೊರಗೆ ನಿಂತು ಸಲಹೆ ಕೊಡುವುದಲ್ಲ ಅನ್ನುವುದೂ ಒಂದು.

ಇಂಥ ಕಡೆ ಸಾವಿನ ನಂತರವೇ ಬಾಗಿಲು ತೆರೆಯುವುದು ಯಾಕೋ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರಯಾನ್ಸ್ ರೂಲ್ ಅಂತ ಇದೆ. ಮಗುವಿನ ಸ್ಥಿತಿ ಕೆಡುತ್ತಿದೆ, ಹೇಳಿದರೂ ಕೇಳುತ್ತಿಲ್ಲ ಅನ್ನಿಸಿದರೆ ಮನೆಯವರೇ ಫೋನ್ ಮಾಡಿ ಬೇರೆ ಪರಿಶೀಲನೆ ಕೇಳಬಹುದು. 2007ರಲ್ಲಿ ಮೂರು ವರ್ಷ ತುಂಬುವ ಮೊದಲೇ ತೀರಿಕೊಂಡ ರಯಾನ್‌ನ ಹೆಸರು ಅದು. ಇಂಗ್ಲೆಂಡಿನಲ್ಲಿ 2024ರಿಂದ ಇಂಥದ್ದೇ ಮಾರ್ಥಾಸ್ ರೂಲ್. ತೀರಿಕೊಂಡಾಗ ಮಾರ್ಥಾಗೆ ಹದಿಮೂರು ವರ್ಷ. ಎರಡೂ ಕಡೆ ಮಗುವಿನ ಮನೆಯವರು ಏನೋ ಸರಿಯಿಲ್ಲ ಅಂತ ಹೇಳಿದ್ದರು. ನಿಯಮ ಬರಲು ಮಗು ಹೋಗಬೇಕಾಯಿತು.

ನನ್ನ ವಿಷಯಕ್ಕೆ ವಾಪಸ್ ಬರುತ್ತೇನೆ. ಮಗಳು ಸುಧಾರಿಸಿದ ಮೇಲೆ ಆಸ್ಪತ್ರೆಯವರೇ ಕರೆದು ಪೋಷಕರ ಸಲಹಾ ಸಮಿತಿಗೆ ಸೇರಿಸಿಕೊಂಡರು. ಎರಡು ವರ್ಷ ಇದ್ದೆ. ನಮ್ಮನ್ನು ಬಹಳ ಚೆನ್ನಾಗಿ ನೋಡಿಕೊಂಡರು, ಅದರಲ್ಲಿ ಕೊರತೆ ಇಲ್ಲ. ಪರದೆಗೆ ಯಾವ ಬಣ್ಣ, ಗೋಡೆಯ ಮೇಲೆ ಆನೆ ಇರಲಾ ಜಿರಾಫೆ ಇರಲಾ, ಕಾಯುವ ಕೋಣೆಗೆ ಎಂಥ ಆಟದ ಸಾಮಾನು, ಇಷ್ಟಕ್ಕೆಲ್ಲ ನಮ್ಮನ್ನು ಕೇಳಿದರು. ಆನೆಗೂ ಜಿರಾಫೆಗೂ ಎರಡು ಸಭೆ ಹೋಯಿತು, ನಿಜ ಹೇಳುತ್ತಿದ್ದೇನೆ. ಅದೇ ತಿಂಗಳು ರಾತ್ರಿ ಪಾಳಿಯಲ್ಲಿ ಪ್ರತಿ ವಾರ್ಡಿಗೆ ಒಬ್ಬ ನರ್ಸು ಕಡಿಮೆ ಮಾಡಿದರು. ನಮಗೆ ಅದು ಗೊತ್ತಾದದ್ದು ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿನಿಂದ. ಮುಂದಿನ ಸಭೆಯಲ್ಲಿ ಕೇಳಿದರೆ "ಅದು ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ" ಅಂದರು. ಕೊನೆಗೆ ಜಿರಾಫೆ ಗೆದ್ದಿತು. ಚೆನ್ನಾಗಿಯೇ ಇದೆ, ಹೋದಾಗ ನೋಡಿ.

ಅವತ್ತು ನನಗೆ ಅರ್ಥವಾದದ್ದು, ಸಲಹೆ ಕೇಳುವುದು ಬೇರೆ, ಅಧಿಕಾರ ಹಂಚಿಕೊಳ್ಳುವುದು ಬೇರೆ. ಮಕ್ಕಳು ಪಾಲ್ಗೊಳ್ಳುವುದರ ಬಗ್ಗೆ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗೆ ಬರೆದ ಪ್ರಬಂಧದಲ್ಲಿ ಎಂಟು ಮೆಟ್ಟಿಲಿನ ಒಂದು ಏಣಿ ಇದೆ. ಕೆಳಗಿನ ಮೂರು ಮೆಟ್ಟಿಲನ್ನು ಅವರು ಪಾಲ್ಗೊಳ್ಳುವಿಕೆ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಮಕ್ಕಳನ್ನು ದಾಳವಾಗಿ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಒಬ್ಬರನ್ನು ಕೂರಿಸುವುದು, ಇವು ಮೂರು. ಹೊಸ ಕಟ್ಟಡದ ಉದ್ಘಾಟನೆಗೆ ಬಲೂನು ಹಿಡಿದು ನಿಲ್ಲುವ ಬೋಳು ತಲೆಯ ಮಗುವಿನ ಫೋಟೋ ನಿಮ್ಮ ವಾರ್ಷಿಕ ವರದಿಯಲ್ಲಿ ಇರುತ್ತದೆ ಅಲ್ವಾ, ಅದು ಎರಡನೇ ಮೆಟ್ಟಿಲು.

ಹಾಗಂತ ಆಗದ ಕೆಲಸವನ್ನೇನೂ ನಾನು ಕೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ 2003ರ ಕಾನೂನಿನ ಪ್ರಕಾರ ಫೌಂಡೇಶನ್ ಟ್ರಸ್ಟ್ ಆದ, ಅಂದರೆ ಸರ್ಕಾರಿ ಸೇವೆಯ ಒಳಗೇ ಹೆಚ್ಚು ಸ್ವಾತಂತ್ರ್ಯ ಪಡೆದ ಆಸ್ಪತ್ರೆಗಳಿಗೆ ಗವರ್ನರುಗಳ ಸಭೆ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರೋಗಿಗಳ, ಅವರನ್ನು ನೋಡಿಕೊಳ್ಳುವವರ, ಊರವರ ಕಡೆಯಿಂದ ಚುನಾವಣೆಯಲ್ಲಿ ಗೆದ್ದು ಬಂದವರು. ಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ಅವರು, ಬೇಕಾದರೆ ತೆಗೆಯುವುದೂ ಅವರೇ. ಹದಿನಾರು ತುಂಬಿದವರು ಗವರ್ನರ್ ಆಗಬಹುದು. 1852ರಲ್ಲಿ ಹತ್ತು ಮಂಚದಿಂದ ಶುರುವಾದ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ 2012ರಿಂದ ಈ ಸಾಲಿಗೆ ಸೇರಿದೆ. ಅಲ್ಲಿ ಹತ್ತು ವರ್ಷದ ಮಗುವೂ ಸದಸ್ಯತ್ವ ಪಡೆಯಬಹುದು. ಎಲ್ಲ ಸುಸೂತ್ರ ಅಂತಲ್ಲ. ಗವರ್ನರುಗಳ ಮಾತಿಗೆ ಎಷ್ಟು ತೂಕ ಅನ್ನುವ ಜಗಳ ಅಲ್ಲಿ ಹಳೆಯದು. 2025ರಲ್ಲಿ ಬಂದ ಆರೋಗ್ಯ ಯೋಜನೆಯಲ್ಲಿ ಅಲ್ಲಿನ ಸರ್ಕಾರ ಈ ಸಭೆ ಇನ್ನು ಕಡ್ಡಾಯ ಬೇಡ ಅಂದಿದೆ. ನನಗೆ ಅದು ಸರಿ ಕಾಣುವುದಿಲ್ಲ. ಮೊಂಡಾದ ಕತ್ತಿಯನ್ನು ಮಸೆಯಬೇಕು, ಎಸೆಯುವುದು ಯಾಕೆ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2008ರಲ್ಲಿ ಕಾನೂನು ಮಾಡಿ, ಪ್ರತಿ ಆಸ್ಪತ್ರೆಯಲ್ಲೂ ರೋಗಿಗಳ ಮತ್ತು ಮನೆಯವರ ಸಮಿತಿ ಇರಲೇಬೇಕು ಅಂದಿತು. ಅದರ ನಿಯಮಗಳ ಪ್ರಕಾರ ಸದಸ್ಯರಲ್ಲಿ ಅರ್ಧದಷ್ಟಾದರೂ ಅವರೇ ಇರಬೇಕು. ಅದು ಸಲಹಾ ಸಮಿತಿಯೇ, ಆದರೂ ಪ್ರತಿ ವರ್ಷ ಏನು ಮಾಡಿದೆವು ಅಂತ ವರದಿ ಕೊಡಬೇಕು. ನೆದರ್‌ಲ್ಯಾಂಡ್ಸಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ರೋಗಿಗಳ ಮಂಡಳಿಗೆ ಕೆಲವು ವಿಷಯಗಳಲ್ಲಿ ಒಪ್ಪಿಗೆಯ ಹಕ್ಕೇ ಇದೆ, ಅವರು ಒಪ್ಪದೆ ನಿರ್ಧಾರ ಮುಂದಕ್ಕೆ ಹೋಗದು. ಅದೇ ದೇಶದ ಉಟ್ರೆಕ್ಟ್‌ನಲ್ಲಿ 2018ರಲ್ಲಿ ಪ್ರಿನ್ಸೆಸ್ ಮ್ಯಾಕ್ಸಿಮಾ ಕೇಂದ್ರ ಬಾಗಿಲು ತೆರೆಯಿತು. ದೇಶದ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯನ್ನೆಲ್ಲ ಒಂದೇ ಕಡೆ ತರಬೇಕು ಅಂತ ಹಟ ಹಿಡಿದವರಲ್ಲಿ ಡಾಕ್ಟರುಗಳ ಜೊತೆ ಕ್ಯಾನ್ಸರ್ ಮಕ್ಕಳ ತಂದೆ ತಾಯಂದಿರ ಸಂಘವೂ ಇತ್ತು. ಕಟ್ಟಡದಲ್ಲಿ ಮಗುವಿನ ಕೋಣೆಗೆ ಹೊಂದಿಕೊಂಡೇ ತಂದೆ ತಾಯಿಯ ಕೋಣೆ ಇದೆ. ಅದನ್ನು ಯಾರು ಯೋಚಿಸಿರಬಹುದು ಅಂತ ಬೇರೆ ಹೇಳಬೇಕಿಲ್ಲ.

ನೀವು ಹೆಚ್ಚು ಹೆದರುವುದು ಒಳಗಿನ ಅಂಕಿ ಅಂಶ ಹೊರಗೆ ಹೋಗುತ್ತದೆ ಅಂತ. ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯವರಿಗೆ 2000ದ ದಶಕದ ಶುರುವಿನಲ್ಲಿ, ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ, ಶ್ವಾಸಕೋಶದಲ್ಲಿ ಗಟ್ಟಿ ಕಫ ಕಟ್ಟುವ ಹುಟ್ಟು ಕಾಯಿಲೆಯ ಚಿಕಿತ್ಸೆಯಲ್ಲಿ ತಾವು ಬೇರೆ ಕೇಂದ್ರಗಳಿಗಿಂತ ಹಿಂದೆ ಇದ್ದೇವೆ ಅಂತ ಗೊತ್ತಾಯಿತು. ಮುಚ್ಚಿಡಬಹುದಿತ್ತು. ಅವರು ಮಕ್ಕಳ ಮನೆಯವರನ್ನು ಕರೆದು ಅಂಕಿ ಸಮೇತ ಹೇಳಿಬಿಟ್ಟರು. ಎಲ್ಲರೂ ಬಿಟ್ಟು ಹೋಗುತ್ತಾರೆ ಅಂದುಕೊಂಡಿದ್ದರು, ಒಂದು ಕುಟುಂಬವೂ ಹೋಗಲಿಲ್ಲ. ಹಲವರು ಸುಧಾರಣೆಯ ತಂಡಕ್ಕೇ ಸೇರಿಕೊಂಡರು. ನಾವೂ ಅಷ್ಟೇ. ಸತ್ಯ ಹೇಳಿದ ಡಾಕ್ಟರನ್ನು ಬಿಟ್ಟು ಹೋಗುವ ತಾಯಿ ಅಪರೂಪ.

ಇನ್ನೊಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ಉತ್ತರ ಅಮೆರಿಕದ ಏಳು ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ರೌಂಡ್ಸ್ ನಡೆಸುವ ರೀತಿಯನ್ನೇ ಬದಲಿಸಿದರು. ಮನೆಯವರನ್ನೂ ಸೇರಿಸಿಕೊಂಡು, ಮೊದಲು ಅವರ ಮಾತು ಕೇಳಿ, ತಿಳಿಯುವ ಭಾಷೆಯಲ್ಲಿ ಹೇಳಿ, ಕೊನೆಗೆ ಅವರಿಂದಲೇ ತಿರುಗಿ ಹೇಳಿಸುವುದು. ಆ ಕ್ರಮವನ್ನು ರೂಪಿಸಿದವರಲ್ಲೇ ತಂದೆ ತಾಯಂದಿರು ಇದ್ದರು. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶದ ಪ್ರಕಾರ, ಮಗುವಿಗೆ ಹಾನಿ ಮಾಡುವ ತಪ್ಪುಗಳು 38% ಕಡಿಮೆಯಾದವು. ರೌಂಡ್ಸಿಗೆ ಹಿಡಿಯುವ ಹೊತ್ತು ಮಾತ್ರ ಜಾಸ್ತಿ ಆಗಲಿಲ್ಲ. "ಟೈಮಿಲ್ಲ" ಅನ್ನುವವರಿಗೆ ಇದನ್ನು ತೋರಿಸಿ.

ಈಗ ನಮ್ಮ ಕಡೆಯ ತಪ್ಪುಗಳು. ಬರೀ ನಿಮ್ಮನ್ನೇ ಬೈದರೆ ಅನ್ಯಾಯ. ಸಮಿತಿಯಲ್ಲಿ ಮೊದಲ ಆರು ತಿಂಗಳು ನಾನು ಕಿಡ್ನಿ ವಾರ್ಡು ಬಿಟ್ಟು ಬೇರೆ ಮಾತೇ ಆಡಲಿಲ್ಲ. ಕಿವಿ ಕೇಳದ ಮಗುವಿನ ತಾಯಿಯೊಬ್ಬರು ಒಂದು ದಿನ ಮೆಲ್ಲಗೆ, "ನಿಮ್ಮ ಮಗಳ ಬಗ್ಗೆ ನಮಗೆಲ್ಲ ಈಗ ಚೆನ್ನಾಗಿ ಗೊತ್ತು" ಅಂದರು. ಮುಖ ಬಿಸಿಯಾಯಿತು. ತನ್ನ ಮಗುವಿನ ನೋವಿನಿಂದ ಎದ್ದು ಎಲ್ಲರ ಮಕ್ಕಳ ಕಡೆ ನೋಡುವುದು ಒಂದು ಕಸುಬು, ಕಲಿಯಬೇಕು, ಯಾರಾದರೂ ಕಲಿಸಬೇಕು. ಇನ್ನೊಂದು ಅಪಾಯವೂ ಇದೆ. ವರ್ಷಗಟ್ಟಲೆ ಒಬ್ಬರೇ ಕೂತರೆ ಅವರು ಪೋಷಕರ ಪ್ರತಿನಿಧಿಯಾಗಿ ಉಳಿಯುವುದಿಲ್ಲ, ಆಸ್ಪತ್ರೆಯ ಮುದ್ದಿನ ಪೋಷಕರಾಗುತ್ತಾರೆ. ನಿಮ್ಮ ಭಾಷೆಯಲ್ಲೇ ಮಾತಾಡಲು ಶುರು ಮಾಡುತ್ತಾರೆ. ನಾನೇ ಒಮ್ಮೆ ಒಬ್ಬ ಹೊಸ ತಂದೆಗೆ "ಅದು ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ" ಅಂದೆ. ಮನೆಗೆ ಬಂದು ರಾಜೀನಾಮೆ ಬರೆದೆ.

ಸಮಿತಿಯಲ್ಲಿ ನಾವು ಏಳು ಜನ ಇದ್ದೆವು. ಏಳೂ ಜನ ಓದಿದವರು, ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಸಭೆಗೆ ಬರಲು ಆಗುವವರು. ದಿನಗೂಲಿಯ ಅಪ್ಪ ಒಬ್ಬರೂ ಇಲ್ಲ. ವಾರ್ಡಿನಲ್ಲಿ ಆಡುವ ಭಾಷೆ ಬಾರದ ತಾಯಿ ಇಲ್ಲ. ಮಗುವನ್ನು ಕಳೆದುಕೊಂಡವರು ಇಲ್ಲ. ಈ ಕೊನೆಯವರನ್ನು ಕರೆಯಲು ನಿಮಗೆ ಸಂಕೋಚ, ನನಗೆ ಗೊತ್ತು. ಆದರೆ ಆಸ್ಪತ್ರೆಯನ್ನು ಅವರಷ್ಟು ಕೊನೆಯವರೆಗೆ ನೋಡಿದವರು ಯಾರಿದ್ದಾರೆ? ಕೇಳಿ ನೋಡಿ. ಕೆಲವರು ಬೇಡ ಅನ್ನುತ್ತಾರೆ. ಕೆಲವರು, ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತಾರೆ.

"ಅವರಿಗೆ ಆಡಳಿತ ಏನು ಗೊತ್ತು" ಅನ್ನುವ ಮಾತು ಕಿವಿಗೆ ಬಿದ್ದಿದೆ. ನಿಮ್ಮ ಮಂಡಳಿಯಲ್ಲಿ ಲೆಕ್ಕಪರಿಶೋಧಕರು ಇದ್ದಾರೆ, ವಕೀಲರು ಇದ್ದಾರೆ, ಕಟ್ಟಡಕ್ಕೆ ದೇಣಿಗೆ ಕೊಟ್ಟವರಿದ್ದಾರೆ. ಮಗುವಿಗೆ ಡ್ರಿಪ್ ಹಾಕಲು ಅವರಿಗೂ ಬರುವುದಿಲ್ಲ. ಅವರವರಿಗೆ ಗೊತ್ತಿರುವುದಕ್ಕಾಗಿ ಅವರನ್ನು ಕೂರಿಸಿದ್ದೀರಿ. ನಮಗೂ ಒಂದು ವಿಷಯ ಗೊತ್ತು.

ಇನ್ನು ಮಕ್ಕಳು. ಇಷ್ಟು ಹೊತ್ತೂ ನಾನು ತಾಯಿಯಾಗಿ ಮಾತಾಡಿದೆ, ಅದರಲ್ಲೇ ಒಂದು ಮೋಸ ಇದೆ. ಮಗಳಿಗೆ ಈಗ ಹದಿನಾಲ್ಕು. ಹೋದ ವರ್ಷ ಡಾಕ್ಟರು ಏನೋ ಕೇಳಿದಾಗ ನಾನು ಎಂದಿನಂತೆ ಉತ್ತರ ಕೊಟ್ಟೆ. ಅವಳು ಅಲ್ಲೇ, "ಅಮ್ಮ, ಅವರು ಕೇಳಿದ್ದು ನನ್ನನ್ನ" ಅಂದಳು. ಸ್ಟೆರಾಯ್ಡಿನಿಂದ ಮುಖ ದುಂಡಗಾಗುವುದು ನನಗೆ ಅಡ್ಡಪರಿಣಾಮ. ಅವಳಿಗೆ ಅದು ಶಾಲೆಯ ಗೇಟು. ನನಗೆ ಬೇಕಾದದ್ದು ಅವಳ ಕಿಡ್ನಿ ಉಳಿಯುವುದು. ಅವಳಿಗೆ ಅದೂ ಬೇಕು, ಜೊತೆಗೆ ಡಾಕ್ಟರ ಹತ್ತಿರ ಐದು ನಿಮಿಷ ಅಮ್ಮ ಇಲ್ಲದೆ ಮಾತಾಡುವುದೂ ಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದು ಇದನ್ನೇ: ತನಗೆ ಸಂಬಂಧಿಸಿದ ಎಲ್ಲ ವಿಷಯದಲ್ಲೂ ಮಗು ತನ್ನ ಅಭಿಪ್ರಾಯ ಹೇಳಬಹುದು, ವಯಸ್ಸು ಮತ್ತು ತಿಳಿವಳಿಕೆ ನೋಡಿ ಅದಕ್ಕೆ ತೂಕ ಕೊಡಬೇಕು. ನೆದರ್‌ಲ್ಯಾಂಡ್ಸಿನಲ್ಲಿ ಹನ್ನೆರಡರಿಂದ ಹದಿನೈದು ವರ್ಷದ ಮಗುವಿನ ಚಿಕಿತ್ಸೆಗೆ ಸಾಮಾನ್ಯವಾಗಿ ತಂದೆ ತಾಯಿಯ ಜೊತೆ ಮಗುವಿನ ಒಪ್ಪಿಗೆಯೂ ಬೇಕು. ಮಂಚದ ಮೇಲೆ ಒಪ್ಪಿಗೆ ಕೊಡಬಲ್ಲವರು ಮೇಜಿನ ಮುಂದೆ ಮಾತಾಡಲಾರರು ಅನ್ನುವುದು ಯಾವ ನ್ಯಾಯ?

ನನ್ನ ಬೇಡಿಕೆ ಉದ್ದ ಇಲ್ಲ. ಮಂಡಳಿಯಲ್ಲಿ ಮತ ಹಾಕುವ ಹಕ್ಕಿರುವ ಪೋಷಕರು ಕನಿಷ್ಠ ಇಬ್ಬರು ಇರಲಿ. ಒಬ್ಬರಾದರೆ ಬಾಯಿ ಬಿಡುವುದಿಲ್ಲ, ಇಬ್ಬರಾದರೆ ಒಬ್ಬರ ಮುಖ ಒಬ್ಬರು ನೋಡಿ ಧೈರ್ಯ ತಗೊಳ್ಳುತ್ತಾರೆ. ನೀವು ಆರಿಸಬೇಡಿ, ಪೋಷಕರೇ ಆರಿಸಲಿ. ಮೂರು ವರ್ಷಕ್ಕೆ ಅವರನ್ನು ಬದಲಿಸಿ. ಸದ್ಯ ಮಗು ಅಡ್ಮಿಟ್ ಆಗಿರುವವರನ್ನು ಕೂರಿಸಬೇಡಿ, ಭಯ ಅವರನ್ನು ಬಿಡುವುದಿಲ್ಲ. ಚಿಕಿತ್ಸೆ ಮುಗಿಸಿ ವರ್ಷ ಕಳೆದವರು ಇರಲಿ, ಒಳಗೆ ಇರುವವರ ಮಾತನ್ನು ಅವರು ತರಲಿ. ಸಭೆಯನ್ನು ಸಂಜೆಗೆ ಇಡಿ. ಬಂದವರ ಅವತ್ತಿನ ಕೂಲಿ, ಪ್ರಯಾಣದ ಖರ್ಚು, ಮನೆಯಲ್ಲಿರುವ ಮಗುವನ್ನು ನೋಡಿಕೊಳ್ಳುವವರ ಖರ್ಚು ಆಸ್ಪತ್ರೆಯದ್ದೇ ಆಗಲಿ, ಸೇವೆ ಅಂತ ಹೇಳಿ ತಪ್ಪಿಸಿಕೊಳ್ಳಬೇಡಿ. ನೂರಾರು ಪುಟದ ಕಡತವನ್ನು ಹಿಂದಿನ ರಾತ್ರಿ ಕಳಿಸಬೇಡಿ. ಬಜೆಟ್, ರಾತ್ರಿ ಪಾಳಿಯ ಸಿಬ್ಬಂದಿ, ದೂರುಗಳು, ಸಾವುಗಳ ಪರಿಶೀಲನೆ, ಈ ನಾಲ್ಕು ವಿಷಯ ಬಂದಾಗ ಅವರನ್ನು ಹೊರಗೆ ಕೂರಿಸಬೇಡಿ. ಅದಿಲ್ಲದಿದ್ದರೆ ಉಳಿದದ್ದು ಜಿರಾಫೆಯೇ. ಮಕ್ಕಳಿಗೆ ಬೇರೆಯದೇ ಒಂದು ಸಭೆ ಇರಲಿ. ಅವರು ಕೇಳಿದ್ದಕ್ಕೆ ಮಂಡಳಿ ಬರವಣಿಗೆಯಲ್ಲಿ ಉತ್ತರ ಕೊಡಲಿ, ಆಗದು ಅಂತಾದರೆ ಯಾಕೆ ಆಗದು ಅಂತ.

ಈ ಪತ್ರವನ್ನು ಕಳಿಸುವ ಮೊದಲು ಮಗಳಿಗೆ ಓದಲು ಕೊಟ್ಟೆ. ಅವಳ ಕಥೆ, ಅವಳ ಒಪ್ಪಿಗೆ ಬೇಕಲ್ಲ. ನಲ್ಲಿಯ ವಿಷಯ ಅವಳಿಗೆ ನೆನಪೇ ಇಲ್ಲವಂತೆ. ಒಂದು ಕಡೆ ಮಾತ್ರ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕೊಟ್ಟಳು. "ಡಬ್ಬ ನಾಲ್ಕು ಹೆಜ್ಜೆ ಅಲ್ಲ ಅಮ್ಮ, ಏಳು. ಡ್ರಿಪ್ ಸ್ಟ್ಯಾಂಡ್ ತಳ್ಕೊಂಡು ಟಾಯ್ಲೆಟ್ಟಿಗೆ ಹೋಗುವಾಗ ದಿನಾ ಎಣಿಸ್ತಿದ್ದೆ."

ಇಂತಿ,
ಒಬ್ಬ ತಾಯಿ